ಬಾವಿಗಿಳಿದ ಮಂಕಿ ಟೊಪ್ಪಿ

ಆ ತಂಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದನ್ನೂ ಫೋಟೋ ಹೊಡೆದು ಸ್ಟೇಟಸ್ಸಿಗೆ ಹಾಕಿಕೊಳ್ಳುವ ಜಾತಿ ಅವರದು. ಎದೆಯ ಮೇಲೆ ಗಿಡುಗನ ಚಿತ್ರ, ಬೆನ್ನಿಗೆ ಇಳಿಬಿಟ್ಟ ಕೆಂಪು ಬಟ್ಟೆ, ಸೈರನ್ ಕಟ್ಟಿದ ಜೀಪು. ಒಬ್ಬೊಬ್ಬನಿಗೆ ಒಂದೊಂದು ಬಿರುದು: ಒಬ್ಬ ‘ಸಿಡಿಲು’, ಇನ್ನೊಬ್ಬ ‘ಉಕ್ಕು’, ನಾಯಕನಂತೂ ‘ಮಹಾಶಕ್ತಿ’. ಬಾವಿಗೆ ಬಿದ್ದ ದನ, ಹೊಳೆಗೆ ಬಿದ್ದ ಸ್ಕೂಟರು, ಮರದಲ್ಲಿ ಸಿಕ್ಕಿಕೊಂಡ ಬೆಕ್ಕು, ಎಲ್ಲದಕ್ಕೂ ಓಡಿ ಬರುತ್ತಿದ್ದರು. ಬರುವ ಮೊದಲೇ ವಿಡಿಯೋ ಶುರುವಾಗಿರುತ್ತಿತ್ತು. ನಮ್ಮ ಕಡೆ ಕೃಷ್ಣಾಷ್ಟಮಿಗೆ ವೇಷ ಹಾಕುವವರಾದರೂ ಹಬ್ಬ ಮುಗಿದ ಮೇಲೆ ಬಣ್ಣ ತೊಳೆದುಕೊಳ್ಳುತ್ತಾರೆ. ಇವರದು ವರ್ಷವಿಡೀ ವೇಷ.

ಅವರಲ್ಲಿ ಒಬ್ಬ ಮಾತ್ರ ವಿಚಿತ್ರ. ಬೆನ್ನ ಮೇಲೆ ಬಿರುದಿಲ್ಲ, ಬಾಯಲ್ಲಿ ಮಾತಿಲ್ಲ. ನಮ್ಮೂರು ಕಾಪುವಿನ ಸೆಕೆಗೆ ಗಂಡಸರೆಲ್ಲ ಬನಿಯನ್ ಕೂಡ ಬೇಡವೆಂದು ಕೂರುವಾಗ, ಇವನ ತಲೆಗೆ ಕಣ್ಣು ಮಾತ್ರ ಕಾಣುವ ಉಲ್ಲನ್ನಿನ ಮಂಕಿ ಟೊಪ್ಪಿ. ಪ್ರತಿ ವಿಡಿಯೋದಲ್ಲೂ ಬಾವಿಗೆ ಇಳಿಯುವವನು ಅವನು, ಆಮೇಲೆ ಎದುರು ನಿಂತು ಭಾಷಣ ಮಾಡುವವನು ನಾಯಕ. ಅವನ ಮುಖ ಸುಟ್ಟಿದೆ ಎಂದು ಕೆಲವರು, ಗಲ್ಫಿನಿಂದ ಕೇಸಾಗಿ ಓಡಿ ಬಂದವನು ಎಂದು ಕೆಲವರು. ಮಣಿಪಾಲದ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಅವನು ದೊಡ್ಡ ಪೊಲೀಸ್ ಅಧಿಕಾರಿಯ ಮಗ ಎಂದು ಆಣೆ ಹಾಕಿ ಹೇಳಿದ್ದಳು. ನಾಯಕ ಯಾವುದನ್ನೂ ಅಲ್ಲಗಳೆಯುತ್ತಿರಲಿಲ್ಲ. ಗುಟ್ಟು ಇದ್ದಷ್ಟು ದಿನ ಜನ ನೋಡುತ್ತಾರೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಭಾನುವಾರ ಕಾಪುವಿನಲ್ಲಿ ಕರೆಂಟ್ ಇರಲಿಲ್ಲ. ಅಮ್ಮ ಪಂಪು ಬಿಟ್ಟು ಕೊಡಪಾನದಲ್ಲಿ ನೀರು ಸೇದಲು ಹೋದರು. ಹಗ್ಗ ತುಂಡಾಗಿ ಕೊಡಪಾನ ಬಾವಿಗೆ ಬಿತ್ತು. ಯಾರನ್ನಾದರೂ ಕರೆಯುವ ಅಭ್ಯಾಸ ಅವರಿಗಿಲ್ಲ. ಪಾತಾಳಗರಡಿಯ ಕೊಕ್ಕೆಗಳನ್ನು ನೀರಿಗಿಳಿಸಿ ಬಗ್ಗಿ ಹುಡುಕುವಾಗ ಜಾರಿದರು. ನಮ್ಮ ಹಳೆಯ ಬಾವಿಯ ಕಟ್ಟೆ ಮೊಣಕಾಲಿನಷ್ಟೇ ಎತ್ತರ. ಬೀಳುವಾಗ ಅವರ ನೈಟಿ ಪೈಪಿನ ಕ್ಲ್ಯಾಂಪಿಗೆ ಸಿಕ್ಕಿ ಮುಂದಿನಿಂದ ಪೂರ್ತಿ ಹರಿದು ಹೋಗಿತ್ತು.

ನಾನು ಕಿರುಚಿಕೊಂಡು ಓಡಿದೆ. ಅಮ್ಮ ಒಂದು ಕೈಯಲ್ಲಿ ಪೈಪು ಹಿಡಿದು, ಇನ್ನೊಂದು ಕೈಯನ್ನು ಎದೆಗೆ ಒತ್ತಿಕೊಂಡಿದ್ದರು. ಕಾಪಾಡು ಎನ್ನಲಿಲ್ಲ. “ಜನ ಸೇರಿಸಬೇಡ ಮಾರಾಯ್ತಿ, ಮೊದಲು ಒಂದು ಬಟ್ಟೆ ಬಿಸಾಡು” ಎಂದರು. ಮೈ ಒರೆಸುವ ಬೈರಾಸು ಎಸೆದೆ. ಅವರ ಕೈಗೆ ಸಿಗದೆ ಮುಳುಗಿತು. ಅಷ್ಟರಲ್ಲಿ ನೆರೆಯವರು ಸೇರಿದರು. ಯಾರೋ ಅಗ್ನಿಶಾಮಕದವರಿಗೆ ಫೋನ್ ಮಾಡಿದರು. ಆದರೆ ಮೊದಲು ಬಂದದ್ದು ಸೈರನ್ ಕಟ್ಟಿದ ಜೀಪು. ಆ ಮಹಾಶೂರರು ಲೈಟ್‌ಹೌಸಿನ ಹತ್ತಿರ ರೀಲ್ಸ್ ಮಾಡುತ್ತಿದ್ದರಂತೆ.

ಬಂದವರು ಬಾವಿಯೊಳಗೆ ಇಣುಕುವ ಮೊದಲು ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ನೋಡಿದರು. ಕಟ್ಟೆಯ ಪಕ್ಕ ಸ್ಟ್ಯಾಂಡ್ ನಿಲ್ಲಿಸಿದರು. ಒಬ್ಬ ಕೋಲಿನ ತುದಿಗೆ ಫೋನು ಕಟ್ಟಿ ನೇರ ನನ್ನ ಅಮ್ಮನ ಮೇಲೆ ಹಿಡಿದ. ನಾಯಕ ನನ್ನ ಹೆಗಲು ಮುಟ್ಟಿ, “ಅಕ್ಕ, ಸ್ವಲ್ಪ ಈಚೆ ನಿಂತು ಅಳಿ, ಅಲ್ಲಿ ನಿಮ್ಮ ನೆರಳು ಬೀಳ್ತದೆ” ಎಂದ. ನನಗೆ ಮೈಯೆಲ್ಲ ಉರಿಯಿತು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದು ಹಿರಿಯರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು.

ಮಂಕಿ ಟೊಪ್ಪಿಯವನು ಯಾರ ಅಪ್ಪಣೆಗೂ ಕಾಯಲಿಲ್ಲ. ನಮ್ಮ ಬಟ್ಟೆ ಒಣಗಿಸುವ ಹಗ್ಗದಿಂದ ಬೆಡ್‌ಶೀಟ್ ಎಳೆದು ಸೊಂಟಕ್ಕೆ ಸುತ್ತಿಕೊಂಡು, ಬಾವಿಯ ಒಳಗೋಡೆಯ ಉಂಗುರಗಳಿಗೆ ಕಾಲು ಕೊಟ್ಟು ಸರಸರ ಇಳಿದೇಬಿಟ್ಟ. “ಎಂತ ಮಾರಾಯ, ಇನ್ನೂ ಲೈವ್ ಶುರು ಆಗ್ಲಿಲ್ಲ!” ಎಂದು ನಾಯಕ ಕೂಗಿದ. ಕೆಳಗಿನಿಂದ ಉತ್ತರ ಬಂತು. ಆ ಬಾಯಿಂದ ಬಂದ ಮಾತನ್ನು ನಾವು ಕೇಳಿದ್ದು ಅದೇ ಮೊದಲು. ಉಲ್ಲನ್ನಿನೊಳಗಿನ ಸ್ವರ, ಬಾವಿಯ ಮಾರ್ದನಿ ಬೇರೆ.

“ಫೋನು ಪೂರಾ ಒಳಗೆ ಇಡಿ. ಅಲ್ಲಿಯವರೆಗೆ ನಾವಿಬ್ಬರೂ ಮೇಲೆ ಬರುವುದಿಲ್ಲ.”

ಕೋಲು ಹಿಡಿದವನ ಕೈಯಿಂದ ನಾನೇ ಅದನ್ನು ಕಿತ್ತು ಅಂಗಳಕ್ಕೆ ಎಸೆದೆ. ನೆರೆಯವರೂ ಒಬ್ಬೊಬ್ಬರಾಗಿ ಫೋನು ಕಿಸೆಗೆ ಹಾಕಿದರು. ಹೌದು, ಅವರೂ ಹಿಡಿದಿದ್ದರು. ಹತ್ತಾರು ವರ್ಷ ಅಮ್ಮನ ಬುಟ್ಟಿಯಿಂದ ಮೀನು ತೆಗೆದುಕೊಂಡವರು! ಕೊನೆಗೆ ತಂಡದವರು ಇಳಿಬಿಟ್ಟ ಹಗ್ಗ ಎಳೆದಾಗ ಅಮ್ಮ ಕತ್ತಿನಿಂದ ಪಾದದವರೆಗೆ ಬೆಡ್‌ಶೀಟ್ ಸುತ್ತಿಕೊಂಡು ಮೇಲೆ ಬಂದರು. ನೇರ ಒಳಗೆ ನಡೆದು ಬಾಗಿಲು ಹಾಕಿಕೊಂಡರು.

ಸಂಜೆ ಕಾಫಿ ಕುಡಿಯುವಾಗ ಅಮ್ಮ ಹೇಳಿದರು: “ಅದು ಗಂಡಸಲ್ಲ, ಹುಡುಗಿ.”

ನೀರಿನಲ್ಲಿ ಬೆಡ್‌ಶೀಟ್ ಸುತ್ತುವಾಗ ಅಮ್ಮ ಬೇಡ ಬೇಡವೆಂದು ಕೊಸರಿದರಂತೆ. ಆಗ ಅವಳು ಕಿವಿಯಲ್ಲಿ “ನಾನೂ ಹೆಂಗಸೇ ಅಮ್ಮ, ಹೆದರಬೇಡಿ” ಎಂದಳಂತೆ. ಮೇಲೆ ಫೋನುಗಳು ಒಳಗೆ ಹೋಗಲು ಕಾಯುವಾಗ ಉಳಿದದ್ದನ್ನೂ ಹೇಳಿದಳಂತೆ: ಕಾರ್ಕಳದವಳು, ಬಾವಿ ತೋಡುವವರ ಮಗಳು. ಚಿಕ್ಕವಳಿರುವಾಗ ಅಪ್ಪನ ಜೊತೆ ಇಳಿದು ಕಲಿತದ್ದು. ಗೇರುಬೀಜದ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಎಂದು ಗಂಡನ ಮನೆಯಲ್ಲಿ ಹೇಳಿ ಬರುತ್ತಾಳೆ. ಮುಖ ತೋರಿಸುವುದಿಲ್ಲ ಎಂದು ನಾಯಕನಿಂದ ಮಾತು ತೆಗೆದುಕೊಂಡೇ ತಂಡಕ್ಕೆ ಸೇರಿದ್ದು. “ಇವರ ಸಹವಾಸ ನಿನಗೆ ಯಾಕೆ?” ಎಂದು ಅಮ್ಮ ಕೇಳಿದ್ದಕ್ಕೆ, “ಹೆಂಗಸಿನ ಕೈಗೆ ಬೇರೆ ಯಾರು ಹಗ್ಗ ಕೊಡ್ತಾರೆ?” ಎಂದಳಂತೆ. ಈ ಮಾತು ನಮ್ಮಿಬ್ಬರಲ್ಲೇ ಉಳಿಯಬೇಕು ಎಂದು ಅಮ್ಮ ನನ್ನಿಂದ ಆಣೆ ತೆಗೆಸಿಕೊಂಡರು.

ಉಡುಪಿಯ ಒಂದು ಸಭಾಂಗಣದಲ್ಲಿ ತಂಡದವರು ಕಾರ್ಯಕ್ರಮ ಇಟ್ಟರು. ಬದುಕಿ ಬಂದ ಅಮ್ಮನಿಗೆ ಶಾಲು ಹೊದಿಸುತ್ತಾರಂತೆ. ಬೇಡವೆಂದು ನಾನು ಜಗಳ ಮಾಡಿದೆ. ಆ ಹುಡುಗಿಯನ್ನು ಒಮ್ಮೆ ನೋಡಬೇಕು ಎಂದು ಅಮ್ಮ ಹಟ ಹಿಡಿದು ಹೊರಟರು.

ಹಾರ, ಶಾಲು ಎಲ್ಲ ಆಯಿತು. ಮಂಕಿ ಟೊಪ್ಪಿ ವೇದಿಕೆಯ ಮೂಲೆಯಲ್ಲಿ ನಿಂತಿತ್ತು. ನಾಯಕ ಮೈಕು ಹಿಡಿದು, “ನಮ್ಮ ರಹಸ್ಯ ವೀರ ಗಂಡಲ್ಲ, ಹೆಣ್ಣು! ಆ ಮುಖವನ್ನು ಈ ಅಮ್ಮನೇ ಈಗ ನಿಮಗೆಲ್ಲ ತೋರಿಸಲಿದ್ದಾರೆ” ಎಂದು ಕೂಗಿದ. ಅವಳು ಎರಡೂ ಕೈಯಿಂದ ಟೊಪ್ಪಿಯನ್ನು ಅದುಮಿ ಹಿಡಿದು ಇಳಿಯಲು ಹೊರಟಳು. ‘ಸಿಡಿಲು’ ಮತ್ತು ‘ಉಕ್ಕು’ ನಗುನಗುತ್ತಾ ಮೆಟ್ಟಿಲಿಗೆ ಅಡ್ಡ ನಿಂತರು.

ಅಮ್ಮನಿಗೆ ಮೈಕು ಬೇಕಾಗಿಲ್ಲ. ಮೀನು ಮಾರ್ಕೆಟಿನ ಗಂಟಲು. “ನನ್ನ ಮಾನ ಮುಚ್ಚಿದವಳ ಮುಖದಿಂದ ನಾನು ಬಟ್ಟೆ ತೆಗೆಯುವುದಾ? ನಿನಗೆ ತಾಯಿ ಇಲ್ವಾ?”

ಜನ ಇದೂ ನಾಟಕವೆಂದು ತಿಳಿದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ನಾಯಕ ಹಿಂದಿನಿಂದ ಹೋಗಿ ಟೊಪ್ಪಿಯನ್ನು ಎಳೆದೇಬಿಟ್ಟ. ಬೆವರಿನಲ್ಲಿ ತೊಯ್ದ ಸಾಧಾರಣ ಮುಖ, ಹಣೆಗೆ ಅಂಟಿದ ಕೂದಲು. ಅಮ್ಮ ಅವನ ಕೆನ್ನೆಗೆ ಬಾರಿಸಿದ್ದು ಕೊನೆಯ ಸಾಲಿಗೂ ಕೇಳಿಸಿತು.

ಏಟು ತಿಂದ ಮೇಲಾದರೂ ನಾಚಿಕೆ ಬರುತ್ತದೆ ಎಂದುಕೊಂಡಿದ್ದೆ. ಅದನ್ನೂ ಅವನೇ ವಿಡಿಯೋ ಹಾಕಿದ! ಟೊಪ್ಪಿ ಎಳೆದದ್ದು, ಅವಳ ಮುಖ, ಅಮ್ಮನ ಏಟು, ಹಿಂದಿನಿಂದ ಸಂಗೀತ. ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. “ಏಟು ಬಿದ್ದದ್ದು ನನಗೆ ಅಕ್ಕ, ನಾನೇ ಬೇಜಾರು ಮಾಡ್ಲಿಲ್ಲ. ವಿಡಿಯೋ ಒಳ್ಳೆ ಓಡ್ತಾ ಉಂಟು” ಎಂದು ನಕ್ಕ. ಪೊಲೀಸರಿಗೆ ದೂರು ಕೊಟ್ಟ ಮೇಲೆ ತೆಗೆದ. ಅಷ್ಟರಲ್ಲಿ ಕಾರ್ಕಳದ ಫೋನು ಫೋನಿಗೂ ಅದು ತಲುಪಿತ್ತು.

ಕೆಲವು ವಾರಗಳ ನಂತರ ಗುರುತಿಲ್ಲದ ನಂಬರಿನಿಂದ ಅಮ್ಮನಿಗೆ ಕರೆ ಬಂತು. ಪಕ್ಕದ ಮನೆಯವರ ಫೋನಿನಿಂದ ಅವಳು ಮಾಡಿದ್ದು. ಅವಳ ಫೋನನ್ನು ಗಂಡ ಕಿತ್ತುಕೊಂಡಿದ್ದನಂತೆ, ಫ್ಯಾಕ್ಟರಿಯ ಕೆಲಸವನ್ನೂ ಬಿಡಿಸಿದ್ದರಂತೆ. ಅಮ್ಮ ಅಳುತ್ತಾ ಆ ನಾಯಕನಿಗೆ ಶಾಪ ಹಾಕಲು ಶುರು ಮಾಡಿದರು. ಅವಳು ನಡುವೆಯೇ ತಡೆದಳು. ಹೆಚ್ಚು ಹೊತ್ತು ಮಾತಾಡುವ ಹಾಗಿರಲಿಲ್ಲ ಎಂದು ಕಾಣುತ್ತದೆ.

“ಅದೆಲ್ಲ ಬಿಡಿ ಅಮ್ಮ. ಬಾವಿಯ ಕಟ್ಟೆ ಎತ್ತರ ಮಾಡಿಸಿದಿರಾ? ಬೇಗ ಮಾಡಿಸಿ. ಇನ್ನು ಬಿದ್ದರೆ ಇಳಿಯಲಿಕ್ಕೆ ನಾನು ಇಲ್ಲ.”