ಇವರ ಸೈಕಲ್ಲು ಹತ್ತಿದ ಬೆಳಿಗ್ಗೆ

ಆ ಮಂಗನನ್ನು ನಾನು ಇನ್ನೂ ಕ್ಷಮಿಸಿಲ್ಲ. ಪರದೇಶದಲ್ಲಿ ನಾವು ನೆಲೆಸಿರುವ ಕ್ಲಾಂಗ್ ಪಟ್ಟಣದಿಂದ ಉತ್ತರಕ್ಕೆ, ಭತ್ತದ ಗದ್ದೆಗಳ ನಡುವೆ ನಿಲ್ಲಿಸಿದ್ದ ಹಳೆಯ ಕ್ಯಾರವಾನ್ ಒಂದರಲ್ಲಿ ನಾನೂ ನನ್ನ ಗಂಡನೂ ರಜೆ ಕಳೆಯುತ್ತಿದ್ದೆವು. ಹೆಸರಿಗಷ್ಟೇ ಕ್ಯಾರವಾನ್, ಅದರ ಚಕ್ರಗಳು ಮಣ್ಣಿನಲ್ಲಿ ಹೂತು ಯಾವ ಕಾಲವಾಯಿತೋ. ಮಾಲೀಕ ತನ್ನ ಪಿಕಪ್‌ನಲ್ಲಿ ನಮ್ಮನ್ನೂ ನಮ್ಮ ಎರಡು ಸೈಕಲ್ಲುಗಳನ್ನೂ ತಂದಿಳಿಸಿ ಹೋಗಿದ್ದ. ಅಂದು ಸಂಜೆ ಬಂದು ವಾಪಸ್ ಕರೆದೊಯ್ಯಬೇಕಿತ್ತು. ತಿಂಡಿಗೆಂದು ಉಳಿದಿದ್ದ ಬ್ರೆಡ್ಡು, ಬಾಳೆಹಣ್ಣು, ಬಿಸ್ಕತ್ತು ಎಲ್ಲ ಒಂದೇ ಚೀಲದಲ್ಲಿತ್ತು. ಮಳೆ ನೋಡೋಣವೆಂದು ಬಾಗಿಲು ತೆರೆದು ನಿಂತಿದ್ದೆನಷ್ಟೇ. ಮಂಗವೊಂದು ನನ್ನ ಕಾಲ ಪಕ್ಕದಿಂದಲೇ ನುಗ್ಗಿ, ಚೀಲ ಎಳೆದುಕೊಂಡು ಮರ ಹತ್ತಿತು.

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆದರೆ ಇವರು ಆಗಷ್ಟೇ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡಿದ್ದರು. ಚುಚ್ಚಿಕೊಂಡ ಮೇಲೆ ತಿನ್ನಲೇಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆ ಇಳಿದು ಮೊದಲು ಬೆವರು, ನಡುಕ, ಆಮೇಲೆ ಪ್ರಜ್ಞೆಯೇ ತಪ್ಪಬಹುದು. ಆ ಹೊತ್ತಿಗೆ ಒಂದಿಷ್ಟು ಸಕ್ಕರೆ ಬಾಯಿಗೆ ಬಿದ್ದರೆ ಸಾಕು, ಆದರೆ ತುರ್ತಿಗೆಂದು ಇಟ್ಟಿದ್ದ ಗ್ಲೂಕೋಸ್ ಪೊಟ್ಟಣವೂ ಅದೇ ಚೀಲದಲ್ಲಿ ಮಂಗನ ಪಾಲಾಗಿತ್ತು. ಬೇರೆ ಸಿಹಿ ಇರದ ಹಾಗೆ ನಾನೇ ನೋಡಿಕೊಂಡಿದ್ದೆ. ಇವರು ಹುಬ್ಬಳ್ಳಿಯವರು, ಸಿಹಿ ಕಂಡರೆ ಮಗುವಾಗುವವರು. ಕದ್ದು ತಿನ್ನುತ್ತಾರೆಂದು ಹೊರಡುವಾಗ ಬ್ಯಾಗಿನ ಮೂಲೆಮೂಲೆ ತಡಕಿ, ಒಂದು ಚಾಕಲೇಟನ್ನೂ ಬಿಡದೆ ತೆಗೆದಿಟ್ಟಿದ್ದೆ.

ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಕಾಲುವೆಯ ಏರಿ ಹಿಡಿದು ಹೋಗಿ ಸೇತುವೆ ದಾಟಿದರೆ ತಮಿಳು ಮುಸ್ಲಿಮರು ನಡೆಸುವ ಒಂದು ಮಾಮಾಕ್ ಹೋಟೆಲಿತ್ತು. ಹಿಂದಿನ ದಿನ ಅಲ್ಲೇ ಸಿಹಿ ಚಹಾಕ್ಕಾಗಿ ಇಬ್ಬರೂ ಜಗಳವಾಡಿದ್ದೆವು.

“ನಾನಽ ಹೋಗಿ ಬರ್ತೀನಿ” ಎಂದು ಇವರು ಎದ್ದರು.

“ಸುಮ್ನೆ ಕೂತ್ಕೊಳ್ಳಿ. ಸೈಕಲ್ ತುಳಿದ್ರೆ ಇನ್ನೂ ಬೇಗ ಇಳೀತದೆ. ನಾನು ರೊಟ್ಟಿ ಟಪಾವ್ ಮಾಡಿ ಕಟ್ಟಿಸ್ಕೊಂಡು ಬರ್ತೇನೆ. ನಿಮ್ಮ ಸೈಕಲ್ ಕೊಡಿ.”

“ನಂದ್ಯಾಕ? ನಿಂದಽ ತಗೊಂಡು ಹೋಗು.”

“ನನ್ನದ್ರ ಬ್ರೇಕು ಮಳೆಗೆ ಹಿಡೀತಿಲ್ಲ. ಹೋಗಿ ಕಾಲುವೆಗೆ ಬೀಳ್ಲಿಕ್ಕುಂಟಾ?”

ಇವರು ಏನೋ ಹೇಳಲು ಬಾಯಿ ತೆರೆದವರು ಮತ್ತೆ ಮುಚ್ಚಿಕೊಂಡರು. “ಹುಷಾರು. ಲಗೂನ ಬಾ” ಎಂದರು. ಆ ಸೈಕಲ್ಲಿನ ಮೇಲೆ ಇವರಿಗೆ ಅಷ್ಟು ಮೋಹ ಎಂದುಕೊಂಡೆ. ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದಂದಿನಿಂದ ಅದನ್ನು ತೊಳೆದದ್ದೇನು, ಎಣ್ಣೆ ಬಿಟ್ಟದ್ದೇನು! ನಾವಿಬ್ಬರೂ ತುಳಿಯುತ್ತ ಹೋಗುವಾಗ ಅರ್ಧ ದಾರಿಯಲ್ಲಿ ಇಳಿದು, “ನೀ ಮುಂದ ಹೋಗು, ನಾ ಗಾಳಿ ನೋಡಿ ಬರ್ತೀನಿ” ಎನ್ನುತ್ತಿದ್ದರು. ಆರೋಗ್ಯದ ಮೇಲೆ ಕಾಳಜಿ ಬಂತಲ್ಲ ಎಂದು ನನಗೂ ಖುಷಿಯೇ.

ಏರಿಯ ಮೇಲೆ ಮಳೆ ಮುಖಕ್ಕೇ ಹೊಡೆಯುತ್ತಿತ್ತು. ಎಡಕ್ಕೆ ಕಾಲುವೆ ತುಂಬಿ ಕೆಂಪಗೆ ಹರಿಯುತ್ತಿತ್ತು, ಬಲಕ್ಕೆ ಗದ್ದೆ ಯಾವುದು ದಾರಿ ಯಾವುದು ತಿಳಿಯುತ್ತಿರಲಿಲ್ಲ. ಈಗ ಬೆವರು ಶುರುವಾಗಿರಬಹುದು, ಈಗ ಕೈ ನಡುಗುತ್ತಿರಬಹುದು ಎಂದು ಮನಸ್ಸು ಒಂದೇ ಸಮನೆ ಹೆದರಿಸುತ್ತಿತ್ತು. ದೇವರೇ, ದೇವರೇ ಎನ್ನುತ್ತ ತುಳಿದೆ. ಸೇತುವೆ ಕಣ್ಣಿಗೆ ಬೀಳುವಷ್ಟರಲ್ಲಿ ಹಿಂದಿನ ಚಕ್ರ ಕುಸಿಯಿತು. ಪಂಕ್ಚರ್!

ಪಂಕ್ಚರ್ ಹಾಕಲು ನನಗೆ ಬರುತ್ತದೆ. ಕಾಲೇಜಿಗೆ ಸೈಕಲ್ಲಿನಲ್ಲೇ ಹೋದವಳು ನಾನು. ಸೀಟಿನ ಕೆಳಗೆ ಇವರು ಕಟ್ಟಿಕೊಂಡಿದ್ದ ಪಂಕ್ಚರ್ ಡಬ್ಬಿ ಬಿಚ್ಚಿ, ಮುಚ್ಚಳ ತೆಗೆದೆ. ಒಳಗೆ ಪ್ಯಾಚೂ ಇಲ್ಲ, ಸೊಲ್ಯೂಷನ್ನೂ ಇಲ್ಲ. ಡಬ್ಬಿ ತುಂಬ ಬತ್ತಾಸು.

ಹುಬ್ಬಳ್ಳಿಯಿಂದ ಬಂದಿದ್ದ ನಾದಿನಿ ತಂದ ಬತ್ತಾಸು ಅದು, ಪೂರ್ತಿ ಸಕ್ಕರೆ. ಪಕ್ಕದ ತಮಿಳರ ಮನೆಗೆ ಕೊಟ್ಟು ಬನ್ನಿ ಎಂದು ಇವರ ಕೈಯಲ್ಲೇ ಕಳಿಸಿದ್ದೆ! ಗಾಳಿ ನೋಡುತ್ತಾರಂತೆ, ಗಾಳಿ! “ಥೂ, ಕಳ್ಳ ಮುಂಡೇದೇ” ಎಂದು ಆ ಮಳೆಯಲ್ಲಿ ಗದ್ದೆಗೆ ಕೇಳುವಂತೆ ಕಿರುಚಿದೆ.

ಮರುಕ್ಷಣ ಹೊಳೆಯಿತು. ಇವರ ಜೀವ ಉಳಿಸುವ ಸಕ್ಕರೆ ನನ್ನ ಕೈಯಲ್ಲಿತ್ತು, ಇವರು ಅಲ್ಲಿದ್ದರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಹೆದರಿ, ಹೇಗೂ ಬೇಗ ಬರುತ್ತಾಳೆ ಎಂದು ಸುಮ್ಮನಿದ್ದುಬಿಟ್ಟರು. ನೋಡುತ್ತಿದ್ದಂತೆ ಹನಿ ಬಿದ್ದ ಬತ್ತಾಸುಗಳು ಕರಗತೊಡಗಿದವು. ಪಟ್ಟನೆ ಮುಚ್ಚಳ ಒತ್ತಿದೆ.

ಸೇತುವೆಯ ಮೇಲೆ ನೀರು ಹರಿಯುತ್ತಿತ್ತು, ದಾಟುವ ಮಾತೇ ಇರಲಿಲ್ಲ. ಸೈಕಲ್ಲನ್ನು ಅಲ್ಲೇ ಕೆಡವಿ, ಡಬ್ಬಿಯನ್ನು ರೇನ್‌ಕೋಟಿನೊಳಗೆ ಎದೆಗವಚಿಕೊಂಡು ಬಂದ ದಾರಿಯಲ್ಲೇ ಓಡಿದೆ. ಚಪ್ಪಲಿ ಕೆಸರಲ್ಲಿ ಉಳಿಯಿತು. ಒಮ್ಮೆ ಮಕಾಡೆ ಬಿದ್ದೆ, ಮೊಣಕಾಲು ತರಚಿತು, ಡಬ್ಬಿ ಮಾತ್ರ ಬಿಡಲಿಲ್ಲ. ದಾರಿಯುದ್ದಕ್ಕೂ ಇವರನ್ನು ಬೈಯುತ್ತಲೇ ಇದ್ದೆ. ಬೈಗುಳ ನಿಲ್ಲಿಸಿದರೆ ಅಳು ಬರುತ್ತಿತ್ತು.

ಕ್ಯಾರವಾನಿನ ಬಾಗಿಲು ಮುಚ್ಚಿತ್ತು. ಕೂಗುತ್ತಲೇ ತಳ್ಳಿ ಒಳಗೆ ಹೋದರೆ ಇವರು ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದರು. ಒಳಗೆ ಒಂದು ಹನಿಯೂ ಸೋರಿರಲಿಲ್ಲ, ಆದರೂ ಅಂಗಿ ತೊಯ್ದು ತೊಪ್ಪೆಯಾಗಿತ್ತು. ತೊಡೆಯ ಮೇಲೆ ಕೈಗಳು ಗಡಗಡ ನಡುಗುತ್ತಿದ್ದವು.

“ರೀ” ಎಂದೆ. ನನ್ನತ್ತ ನೋಡಿದರು, ಗುರುತು ಹತ್ತಲಿಲ್ಲ.

“ಬಸ್ಸು ಬಂತೇನ್ರೀ ಅಕ್ಕಾರ?” ಎಂದರು, ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸನ್ನು ಕೇಳುವ ಹಾಗೆ.

ಡಬ್ಬಿ ತೆರೆದು, ಅರ್ಧ ಕರಗಿ ಅಂಟಿಕೊಂಡಿದ್ದ ಬತ್ತಾಸೊಂದನ್ನು ಕಿತ್ತು ಇವರ ತುಟಿಗೆ ಹಿಡಿದೆ. ಡಬ್ಬಿ ಕಂಡದ್ದೇ ಇವರ ಕಣ್ಣು ಬೆದರಿತು. ಮುಖ ಆಚೆ ತಿರುಗಿಸಿದರು.

“ಅದು ನಂದಲ್ಲ.”

ಹೆಂಡತಿಯ ಮುಖ ಮರೆತಿತ್ತು, ಕೂತ ಜಾಗ ಮರೆತಿತ್ತು. ಬೈಸಿಕೊಳ್ಳುವ ಭಯವೊಂದು ಮಾತ್ರ ಮರೆತಿರಲಿಲ್ಲ.

“ನಿಮ್ದಲ್ಲ ರೀ, ನನ್ದು. ನಾನೇ ಬಚ್ಚಿಟ್ಟದ್ದು. ಬಾಯಿ ತೆಗೀರಿ.”

ಅನುಮಾನದಿಂದಲೇ ಬಾಯಿ ತೆರೆದರು. ಒಂದು ಕರಗಿದ ಮೇಲೆ ಇನ್ನೊಂದು, ಅದು ಕರಗಿದ ಮೇಲೆ ಮತ್ತೊಂದು ಇಟ್ಟೆ. ಛಾವಣಿಯ ಮೇಲೆ ಮಳೆ ಸುರಿಯುತ್ತಲೇ ಇತ್ತು. ನಡುಕ ಇಳಿಯುತ್ತ ಬಂತು. ನನ್ನ ಕೆಸರು ಮೆತ್ತಿದ ಅವತಾರವನ್ನು, ಹರಿದ ಪ್ಯಾಂಟನ್ನು, ಬರಿಗಾಲನ್ನು ಮೇಲಿಂದ ಕೆಳಗೆ ನೋಡಿದರು.

“ಲೇ, ನೀ ಯಾವಾಗ ಬಂದಿ?” ಎಂದರು.

ನಾನು ಡಬ್ಬಿ ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟೆ. ಇವರು ನನ್ನ ಮುಖವನ್ನೇ ನೋಡುತ್ತ, ಮೆಲ್ಲಗೆ ಕೈ ಚಾಚಿ, ಇನ್ನೊಂದು ಬತ್ತಾಸು ತೆಗೆದುಕೊಂಡರು.