ಎಂಜಿನ್ ಮೇಲಿನ ವಿಭೂತಿ

ಹಳೇ ಲಾರಿ ಇಟ್ಟುಕೊಂಡಿರುವ ಗೆಳೆಯರೇ, ಇದನ್ನೊಮ್ಮೆ ಓದಿ. ಇವತ್ತು ಬಳ್ಳಾರಿಯ ಗ್ಯಾರೇಜಿನಲ್ಲಿ ನಮ್ಮ ಲಾರಿಯ ಬಾನೆಟ್ ಎತ್ತಿಸಿ, ಎಂಜಿನ್ನನ್ನೂ ಅದರ ಸುತ್ತಲಿನ ಜಾಗವನ್ನೂ ಡೀಸೆಲ್ ಹಾಕಿ ತೊಳೆಸಿ, ಬಣ್ಣ ಹೊಡೆಸುತ್ತಿದ್ದೆ. ಪೇಂಟರ್ ಖಾಜಾ ಎಂಜಿನ್ ಮುಚ್ಚಳದ ಅಂಚನ್ನು ಕೆರೆಯಲು ತಗಡು ಎತ್ತಿದ್ದೇ ತಡ, ನಮ್ಮ ಡ್ರೈವರ್ ವೀರೇಶಣ್ಣ ಅಡ್ಡ ಬಂದ.

“ಲೇ ಖಾಜಾ, ಅದಕ್ಕ ಕೈ ಹಚ್ಚಬ್ಯಾಡ.”

“ಅಣ್ಣಾ, ಜಿಡ್ಡಿನ ಮ್ಯಾಲೆ ಬಣ್ಣ ಹತ್ತಂಗಿಲ್ಲ.”

“ಜಿಡ್ಡಲ್ಲ ಅದು, ವಿಭೂತಿ!”

ನಿಜವೇ. ಅಮಾವಾಸ್ಯೆಗೊಮ್ಮೆ ಅವನು ಅದೇ ಜಾಗಕ್ಕೆ ವಿಭೂತಿ, ಕುಂಕುಮ ಬಳಿಯುತ್ತಾನೆ. ವರ್ಷಗಟ್ಟಲೆ ಆಯಿಲ್ ಕುಡಿದು ಅದು ಬೆರಳು ದಪ್ಪ ಕರೀ ಹಕ್ಕಳೆ ಕಟ್ಟಿತ್ತು.

“ಆಮೇಲೆ ಹೊಸಾದು ಹಚ್ಚಿದ್ರಾತು ಬಿಡಣ್ಣ. ನೀ ಕೆರಿಯೋ ಖಾಜಾ” ಎಂದೆ. ವೀರೇಶಣ್ಣ ಮುಖ ತಿರುಗಿಸಿಕೊಂಡು ಹೊರಗೆ ಹೋಗಿ ಕುಳಿತ.

ಮಧ್ಯಾಹ್ನ ಬಣ್ಣ ಒಣಗಿತು. ಲಾರಿ ಮದುಮಗನ ಹಾಗೆ ಕಾಣುತ್ತಿತ್ತು. ಎಂಜಿನ್ ಸ್ಟಾರ್ಟ್ ಮಾಡಿದರೆ, ಕೆರೆದ ಜಾಗದಿಂದಲೇ ಆಯಿಲ್ ಹೊಸ ಬಣ್ಣದ ಮೇಲೆ ಸಣ್ಣಗೆ ಇಳಿಯತೊಡಗಿತು. ಮುಚ್ಚಳದ ಅಂಚಿಗೆ ಒಳಗಿಂದ ಕೂರಿಸುವ ರಬ್ಬರ್ ಪಟ್ಟಿ, ಅದೇ ಪ್ಯಾಕಿಂಗ್, ಯಾವ ಕಾಲದಲ್ಲೋ ಒಡೆದಿತ್ತಂತೆ. ಸೋರದಂತೆ ತಡೆದಿದ್ದದ್ದು ಆ ಹಕ್ಕಳೆ.

ವೀರೇಶಣ್ಣ ಬಗ್ಗಿ ನೋಡಿದ. “ಇಷ್ಟು ದಿನ ಹಿಡಕೊಂಡು ಕುಂತಿದ್ದ ಶಿವನ್ನ ಕೆರದು ಒಗದ್ರಿ. ಈಗ ನೀವಾ ಹಿಡಕೊಳ್ರಿ.”

ಇದನ್ನು ಬರೆಯುವ ಹೊತ್ತಿಗೆ ಗ್ಯಾರೇಜಿನ ಮೆಕ್ಯಾನಿಕ್ ಹೊಸ ಪ್ಯಾಕಿಂಗ್ ಕೂರಿಸುತ್ತಿದ್ದಾನೆ. ಪಕ್ಕದಲ್ಲೇ ವೀರೇಶಣ್ಣ ವಿಭೂತಿಗಟ್ಟಿ ಹಿಡಿದು ಕಾಯುತ್ತಿದ್ದಾನೆ. ಬೆಳಿಗ್ಗೆ ಸಿರುಗುಪ್ಪದಲ್ಲಿ ಭತ್ತದ ಲೋಡ್ ಇದೆ. ನಾನು ಇಬ್ಬರನ್ನೂ ತಡೆಯುವುದಿಲ್ಲ.