ಮೇಡಂ ಅವರ ಗೆರೆ, ನನ್ನ ಕೊಕ್ಕೆಹುಳ

ನಮ್ಮ ಪ್ರಯೋಗಾಲಯದ ಮೇಡಂ ಯಾವುದನ್ನೇ ಪರೀಕ್ಷಿಸಲಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಎಳ್ಳಿನಷ್ಟು ಕಿರಿದು ಮಾಡಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಅವರ ಹುಟ್ಟೂರು ಸಿರುಮುಗೈಯಲ್ಲಿ ಅವರ ಅಪ್ಪ ಮಗ್ಗದಿಂದ ಇಳಿಸಿದ ರೇಷ್ಮೆ ಸೀರೆಯನ್ನು ಹಾಗೆಯೇ ಹಿಡಿದು ತಪ್ಪಿದ ಎಳೆ ಹುಡುಕುತ್ತಿದ್ದರಂತೆ. ಮಗಳು ಹುಡುಕುತ್ತಿದ್ದದ್ದು ಬೆರಳುದ್ದದ ಕಾಗದದ ಪಟ್ಟಿಯ ಮೇಲೆ ಮೂಡಬೇಕಾದ ಒಂದು ಕೆಂಪು ಗೆರೆಯನ್ನು.

ಕೊಯಮತ್ತೂರಿನ ಆ ಪ್ರಯೋಗಾಲಯಕ್ಕೆ ನಾನು ದಾವಣಗೆರೆಯಿಂದ ತಂತ್ರಜ್ಞನಾಗಿ ಬಂದವನು. ಬರುವಾಗ ಕೈಯಲ್ಲಿ ಒಂದು ಸೂಟ್‌ಕೇಸು, ಒಂದು ಔಷಧದ ಡಬ್ಬಿ. ಎರಡರಲ್ಲಿ ಡಬ್ಬಿಯೇ ಭಾರ. ತಲೆನೋವು ಬಂದರೆ ಗಡ್ಡೆ, ಕೆಮ್ಮು ಬಂದರೆ ಕ್ಷಯ ಎಂದು ತೀರ್ಮಾನಿಸುವ ಕುಲ ನನ್ನದು. ಅಂಥವನ ಪಾಲಿಗೆ ಕೊಕ್ಕೆಹುಳದ ಸಂಶೋಧನೆಯೇ ಬರಬೇಕೆ!

ಕೊಕ್ಕೆಹುಳ ಬರಿಗಾಲಿನ ಚರ್ಮ ತೂರಿ ಒಳಬಂದು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಲದಲ್ಲಿ ಅದರ ಮೊಟ್ಟೆ ಕಾಣಲು ವಾರಗಳೇ ಬೇಕು. "ಮೊಟ್ಟೆ ಕಾಣೋ ಹೊತ್ತಿಗೆ ಅದು ಒಳಗೆ ಸಂಸಾರ ಹೂಡಿರ್ತದೆ ತಂಬಿ. ಬಾಗಿಲು ತಟ್ಟುವಾಗ್ಲೇ ಹಿಡೀಬೇಕು," ಎನ್ನುತ್ತಿದ್ದರು ಮೇಡಂ. ತಮಿಳಿನ ರಾಗದ ಮನೆಗನ್ನಡ ಅವರದು. ಕನ್ನಡ ಅಕ್ಷರ ಓದಲು ಬಾರದು. ಆದರೆ ನಾವೆಲ್ಲ 'ಬ್ಲಡ್' ಎಂದರೆ ಅವರು ಅಜ್ಜಿಯ ಹಾಗೆ 'ನೆತ್ತರು' ಎನ್ನುವರು.

ಎಳೆಯ ಹುಳ ನೆತ್ತರಿಗೆ ಬಿಡುವ ಒಂದು ಪ್ರೋಟೀನನ್ನು ಪಟ್ಟಿ ಗುರುತಿಸಿಬಿಟ್ಟರೆ ಆ ಕೆಂಪು ಗೆರೆ ಮೂಡುತ್ತದೆ. ಎರಡು ಪ್ರೋಟೀನುಗಳು ಆಗಲೇ ಕೈಕೊಟ್ಟಿದ್ದವು; ಹುಳವಿಲ್ಲದವರಲ್ಲೂ ಗೆರೆ ಮೂಡಿಸಿ ಮಾನ ಕಳೆದಿದ್ದವು. ಉಳಿದದ್ದು ಮೂರನೆಯದು. ಮೇಡಂ ನಿವೃತ್ತಿಯೂ ಹತ್ತಿರ ಬಂದಿತ್ತು.

ಪರೀಕ್ಷೆಯ ದಿನ ಹೆಸರು ಮುಚ್ಚಿದ ಸೀಸೆಗಳನ್ನು ಎರಡು ಸಾಲಾಗಿ ಇಟ್ಟಿದ್ದೆವು. ರೋಗಿಗಳ ರಕ್ತದಲ್ಲೆಲ್ಲ ಗೆರೆ ಬಂತು. ಇನ್ನು ಆರೋಗ್ಯವಂತರ ರಕ್ತ, ಅಂದರೆ ನಮ್ಮ ಸಿಬ್ಬಂದಿಯದೇ. ಅದರಲ್ಲೂ ಒಂದು ಪಟ್ಟಿಯಲ್ಲಿ ಗೆರೆ!

"ಇದು ಯಾರ ನೆತ್ತರು?" ಮೇಡಂ ಪಟ್ಟಿಯನ್ನು ಮತ್ತೊಮ್ಮೆ ಕಿಟಕಿಗೆ ಹಿಡಿದು ಕೇಳಿದರು.

ಹೆಸರು ಬಿಚ್ಚಿದರೆ ನನ್ನದು.

"ನಿಂಗೆ ಹುಳ ಇಲ್ಲ ಅಂದ್ರೆ ನನ್ನ ಗೆರೆ ಸುಳ್ಳು," ಅಂದರು ಮೆಲ್ಲಗೆ. ಕೂಡಲೇ ಮಲಪರೀಕ್ಷೆಯಾಯಿತು. ಮೊಟ್ಟೆ ಇಲ್ಲ. 'ಏನೂ ಇಲ್ಲ' ಎಂಬ ವರದಿ ನೋಡಿ ನನ್ನ ಮುಖ ಬಾಡಿದ್ದು ಅದೇ ಮೊದಲು.

ಆದರೆ ಮೇಡಂ ಸುಮ್ಮನೆ ಬಿಡುವವರಲ್ಲ. ಇತ್ತೀಚೆಗೆ ಬರಿಗಾಲಲ್ಲಿ ಎಲ್ಲಿ ನಡೆದೆ ಎಂದು ಕೆದಕಿದರು. ಹಿಂದಿನ ವಾರ ಅವರ ಮನೆಯ ಮದುವೆಗೆ ಸಿರುಮುಗೈಗೆ ಹೋದಾಗ, ಮುಂಜಾನೆ ಭವಾನಿ ಹೊಳೆದಂಡೆಯ ಬಾಳೆತೋಟಗಳಲ್ಲಿ ಅಡ್ಡಾಡಿದ್ದೆ. ಇಬ್ಬನಿಯ ಹುಲ್ಲು ತುಳಿದರೆ ಕಣ್ಣಿಗೆ ಒಳ್ಳೆಯದೆಂದು ಎಲ್ಲೋ ಓದಿದ್ದೆನಲ್ಲ!

ಮೇಡಂ ಕಣ್ಣು ಮಿಂಚಿತು. "ಹುಳಕ್ಕೆ ಕಣ್ಣೇ ಇಲ್ಲ ತಂಬಿ, ಆದ್ರೂ ನಿನ್ನ ಕಾಲು ಕಂಡುಬಿಡ್ತು ನೋಡು!" ಎಂದು ನಕ್ಕರು. ನಕ್ಕವರೇ ಮೇಜಿನ ಮೇಲೆ ಹುಳದ ಮಾತ್ರೆ ಇಟ್ಟರು. "ನುಂಗು."

"ನುಂಗಿದ್ರೆ ಇರೋ ಹುಳ ಸಾಯ್ತದೆ ಮೇಡಂ. ಮೊಟ್ಟೆ ಎಲ್ಲಿಂದ ಬರಬೇಕು? ನಿಮ್ಮ ಗೆರೆ ನಿಜ ಅಂತ ತೋರ್ಸೋದು ಹೇಗೆ?"

"ಗೆರೆ ಹಾಳಾಗಿ ಹೋಗ್ಲಿ. ನಿನ್ನ ಹೊಟ್ಟೆಯೇನು ನನ್ನ ತೋಟವಾ, ಹುಳ ಬೆಳೆಸಿ ನೋಡೋಕೆ?"

ಸೀನು ಬಂದರೂ ಮಾತ್ರೆ ನುಂಗುವ ನಾನು ಅಂದು ಹಟ ಹಿಡಿದೆ. ಕೆಲವು ವಾರ ಕಾದರೆ ತೊಂದರೆಯಿಲ್ಲ, ರಕ್ತ ನೋಡುತ್ತಿರಿ ಎಂದು ವೈದ್ಯರು ಹೇಳಿದ ಮೇಲಷ್ಟೇ ಮೇಡಂ ಒಪ್ಪಿದ್ದು. ಅಂದಿನಿಂದ ದಿನವೂ ಡಬ್ಬಿಯಲ್ಲಿ ನುಗ್ಗೆಸೊಪ್ಪಿನ ಪಲ್ಯ ತಂದು ಎದುರು ಕೂರುವರು. "ನಿಂಗೂ ನಿನ್ನ ಹುಳಕ್ಕೂ ಸೇರಿಸೇ ತಂದಿದೀನಿ. ಚುಮ್ಮಾ ಮಾತಾಡದೆ ತಿನ್ನು."

ಮನೆಯಲ್ಲಿ ಹೆಂಡತಿ, "ಹೊಟ್ಟೇಲಿ ಹುಳ ಇರ್ಲಪ್ಪಾ ಅಂತ ದೇವರಿಗೆ ತುಪ್ಪದ ದೀಪ ಹಚ್ಚೋರನ್ನ ನಾನೆಲ್ಲೂ ಕಂಡಿಲ್ಲ ರೀ," ಎಂದಳು. ಹಚ್ಚಿದ್ದು ನಿಜ. ಜೊತೆಗೆ ಹುಳ ಇದ್ದರೆ ಏನಾಗುವುದೋ ಎಂದು ಹೆದರಿದ್ದೂ ನಿಜ.

ಒಂದು ಬೆಳಗ್ಗೆ ಸೂಕ್ಷ್ಮದರ್ಶಕದ ಕೋಣೆಯಿಂದ ಮೇಡಂ ಒಂದೇ ಚಪ್ಪಲಿಯಲ್ಲಿ ಓಡಿಬಂದರು. "ತಂಬೀ! ಮೊಟ್ಟೆ ಬಂತು! ಮೊಟ್ಟೆ!" ಕಾವಲುಗಾರ ಕೋಳಿ ಎಲ್ಲಿ ಎಂದು ಸುತ್ತ ನೋಡಿದ. ನಾನು ಓಡಿಹೋಗಿ ಕಣ್ಣಿಟ್ಟೆ. ತೆಳುಸಿಪ್ಪೆಯ, ಗಾಜಿನ ಮಣಿಯಂಥ ಮೊಟ್ಟೆ. ನನ್ನದೇ! ಮಗ ಹುಟ್ಟಿದಾಗಲೂ ನಾನು ಅಷ್ಟು ಕುಣಿದಿರಲಿಲ್ಲ. ಸೂಕ್ಷ್ಮದರ್ಶಕ ಇಂದು ಕಂಡದ್ದನ್ನು ಅವರ ಗೆರೆ ವಾರಗಳ ಹಿಂದೆಯೇ ಕಂಡಿತ್ತು. ಗಾಂಧಿಪುರಂ ಪೇಟೆಯಿಂದ ಮೈಸೂರುಪಾಕು ಬಂತು. ನಾನು ಕೈ ಚಾಚಿದರೆ ಮೇಡಂ ಅಂಗೈಗೆ ಮಾತ್ರೆ ಹಾಕಿದರು. "ಮೊದಲು ಇದು. ಬಾಯಿ ತೆಗೆದು ತೋರ್ಸು." ಕೆಲವು ವಾರಗಳ ನಂತರ ನನ್ನ ಪಟ್ಟಿಯನ್ನು ಕಿಟಕಿಗೆ ಹಿಡಿದು, "ಗೆರೆ ಹೋಯ್ತು, ಅಪ್ಪಾಡಾ!" ಎಂದು ಉಸಿರುಬಿಟ್ಟರು.

ಒಬ್ಬನ ಹೊಟ್ಟೆಯಿಂದ ವಿಜ್ಞಾನ ಸಾಬೀತಾಗದು. ಮುಂದೆ ಇನ್ನೂ ಬಹಳ ಕೆಲಸವಿತ್ತು, ನಿವೃತ್ತಿಯ ನಂತರವೂ ಅವರು ಬಂದು ಮಾಡಿದರು. ಆದರೆ ಕೆಲಸ ನಿಲ್ಲದೆ ಉಳಿದದ್ದು ಆ ಮೊಟ್ಟೆಯಿಂದ.

ಕಳೆದ ವರ್ಷ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಸಿರುಮುಗೈಯಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಅವರ ಹಿಂದೆ ನಡೆದೆವು. ದಾರಿ ಅದೇ ಬಾಳೆತೋಟಗಳ ಅಂಚಿನದು, ಒದ್ದೆ ಮಣ್ಣು.

"ಸಾರ್, ಬರಿಗಾಲು!" ಎಂದು ಅವರ ಶಿಷ್ಯೆಯೊಬ್ಬಳು ಪಿಸುಗುಟ್ಟಿದಳು. ಮೇಡಂ ಇದ್ದಿದ್ದರೆ ಅಲ್ಲೇ ನಿಲ್ಲಿಸಿ ಬೈಯುತ್ತಿದ್ದರು.

"ಇರ್ಲಿ ಬಿಡಮ್ಮ," ಎಂದೆ.

ಮಿಕ್ಕೆಲ್ಲ ಕಾಯಿಲೆಗಳಿಗೂ ನಾನು ಇಂದಿಗೂ ಹೆದರುತ್ತೇನೆ. ಇದೊಂದಕ್ಕೆ ಮಾತ್ರ ಇಲ್ಲ. ಬಾಗಿಲು ತಟ್ಟಿದರೆ ಮೇಡಂ ಅವರ ಗೆರೆಗೆ ಗೊತ್ತಾಗುತ್ತದೆ.